ಹೈದರಾಬಾದಿನ ಹೆಸರಿನಲ್ಲಿ ಕಡಲಿಗೆ ಬಿದ್ದವರು

1940ರ ಜುಲೈ 25ರಂದು ಇಂಗ್ಲೆಂಡಿನ ದಕ್ಷಿಣ ತೀರದ ಪೋರ್ಟ್‌ಲ್ಯಾಂಡ್‌ನಿಂದ ಐದು ಮೈಲಿ ಆಚೆ ಒಂದು ಸ್ಪಿಟ್‌ಫೈರ್ ವಿಮಾನ ಕಡಲಿಗೆ ಇಳಿಯಿತು. ಜರ್ಮನರ ಸ್ಟುಕಾ ಬಾಂಬರಿನ ಗುಂಡು ತಿಂದ ವಿಮಾನ ಅದು. ಸ್ಪಿಟ್‌ಫೈರ್ ನೀರಿನ ಮೇಲೆ ನಿಲ್ಲುವಂಥದ್ದಲ್ಲ. ಮೂತಿಯಲ್ಲಿರುವ ಎಂಜಿನ್ನಿನ ಭಾರಕ್ಕೆ ತಲೆಕೆಳಗಾಗಿ ಕ್ಷಣಗಳಲ್ಲಿ ಮುಳುಗುತ್ತದೆ. ಪೈಲಟ್ ಕ್ರಿಸ್ಟೋಫರ್ ಡೀನ್ಸ್‌ಲಿ ಗಾಯಗೊಂಡಿದ್ದರೂ ಹೇಗೋ ಹೊರಬಂದರು. ಆ ಹೊತ್ತಿಗೆ ಆ ದಾರಿಯಲ್ಲಿ ‘ಎಂಪೈರ್ ಹೆಂಚ್‌ಮನ್’ ಎಂಬ ಹಡಗು ಹೋಗುತ್ತಿತ್ತು. ಅದರಲ್ಲಿದ್ದವರು ಅವರನ್ನು ನೀರಿನಿಂದ ಎತ್ತಿ ಲೈಮ್ ರೀಜಿಸ್ ಎಂಬ ಸಣ್ಣ ಊರಿನ ದಡಕ್ಕೆ ತಂದು ಇಳಿಸಿದರು.

ಯಾರೂ ಡೀನ್ಸ್‌ಲಿಯವರನ್ನು ಹುಡುಕಿಕೊಂಡು ಹೋಗಿರಲಿಲ್ಲ. ಹಡಗು ಅಲ್ಲಿದ್ದದ್ದು ಅದೃಷ್ಟ. ಅದು ಅರ್ಧ ಗಂಟೆ ಮೊದಲೇ ಹಾದುಹೋಗಿದ್ದರೆ ಅವರ ಹೆಸರೂ ಕಾಣೆಯಾದವರ ಪಟ್ಟಿಗೆ ಸೇರುತ್ತಿತ್ತು. ಅವರ ಸ್ಕ್ವಾಡ್ರನ್ನಿನಲ್ಲೇ ಆ ವರ್ಷ ಹಾಗೆ ಸೇರಿದವರು ಹಲವರು.

ಆ ಸ್ಕ್ವಾಡ್ರನ್ನಿನ ಪೂರ್ತಿ ಹೆಸರು 152 (ಹೈದರಾಬಾದ್) ಸ್ಕ್ವಾಡ್ರನ್. ಬ್ರಿಟನ್ನಿನ ವಾಯುಪಡೆಯಾದ ಆರ್‌ಎಎಫ್‌ಗೆ ಸೇರಿದ್ದರೂ ಅದರ ಲಾಂಛನದಲ್ಲಿ ಇದ್ದದ್ದು ಹೈದರಾಬಾದ್ ನಿಜಾಮರ ಶಿರಸ್ತ್ರಾಣ. ಧ್ಯೇಯವಾಕ್ಯ ‘ನಿಷ್ಠಾವಂತ ಮಿತ್ರ’. ಮೊದಲ ಮಹಾಯುದ್ಧದಲ್ಲಿ ಮಾಡಿದ ಸಹಾಯಕ್ಕಾಗಿ ಬ್ರಿಟಿಷ್ ಸರ್ಕಾರ ಏಳನೆಯ ನಿಜಾಮ ಮೀರ್ ಉಸ್ಮಾನ್ ಅಲಿ ಖಾನರಿಗೆ ಕೊಟ್ಟ ಬಿರುದೇ ಅದು. ಬಿರುದು ಹಿಂದಿರುಗಿ ವಿಮಾನದ ಪಡೆಯ ಮೇಲೆ ಕೂತಿತ್ತು.

ಈ ದಾನದ ಕಥೆ 1940ಕ್ಕಿಂತ ಹಿಂದಿನದು. 1918ರಲ್ಲಿ ನಿಜಾಮರ ಹಣದಿಂದ 110ನೇ ಸ್ಕ್ವಾಡ್ರನ್ನಿಗೆ ಡಿಎಚ್-9ಎ ಬಾಂಬರುಗಳು ಬಂದವು. ಪ್ರತಿ ವಿಮಾನದ ಮೇಲೂ ಇದು ಹೈದರಾಬಾದಿನ ನಿಜಾಮರ ಕೊಡುಗೆ ಎಂದು ಅಕ್ಷರಗಳಲ್ಲಿ ಬರೆದಿತ್ತು, ಜೊತೆಗೊಂದು ಸಂಖ್ಯೆ. ಸೆಪ್ಟೆಂಬರಿನಲ್ಲಿ ಫ್ರಾನ್ಸಿಗೆ ಹೋದ ಈ ಪಡೆ ಯುದ್ಧ ಮುಗಿಯುವವರೆಗೆ ಜರ್ಮನಿಯ ಒಳಗಿನ ಊರುಗಳ ಮೇಲೆ ಹಗಲು ಹೊತ್ತಿನಲ್ಲೇ ದಾಳಿ ಮಾಡಿ ಬಹಳ ಪೆಟ್ಟು ತಿಂದಿತು. ಅಕ್ಟೋಬರ್ 21ರಂದು ಒಂದೇ ದಿನ ಏಳು ವಿಮಾನಗಳು ಮರಳಲಿಲ್ಲ. ಅದೇ ತಿಂಗಳ ಮೊದಲ ವಾರದಲ್ಲಿ ಜರ್ಮನರ ಕೈಗೆ ಸಿಕ್ಕ ಒಂದು ವಿಮಾನ, ‘ಹೈದರಾಬಾದ್ ನಂ. 12ಎ’, ಬರ್ಲಿನ್ನಿನ ವಸ್ತುಸಂಗ್ರಹಾಲಯ ಸೇರಿ, ಎರಡನೆಯ ಯುದ್ಧದ ನಂತರ ಪೋಲೆಂಡಿನ ಕ್ರಾಕೋವ್‌ನಲ್ಲಿ ಪತ್ತೆಯಾಯಿತು. 1970ರ ದಶಕದಲ್ಲಿ ಒಂದು ಸ್ಪಿಟ್‌ಫೈರನ್ನು ಕೊಟ್ಟು ಅದನ್ನು ಬದಲಿಗೆ ಪಡೆದ ಬ್ರಿಟಿಷರು, ದುರಸ್ತಿ ಮಾಡಿ, ನಿಜಾಮರ ಹೆಸರನ್ನು ಮತ್ತೆ ಬರೆಸಿ ಲಂಡನ್ನಿನ ಆರ್‌ಎಎಫ್ ಮ್ಯೂಸಿಯಮ್ಮಿನಲ್ಲಿ ಇಟ್ಟಿದ್ದಾರೆ. ಕಳೆದುಹೋದ ವಿಮಾನಕ್ಕಾಗಿ ಇಷ್ಟು ಓಡಾಡಿದವರು, ಕಳೆದುಹೋಗುವ ಮನುಷ್ಯರಿಗಾಗಿ 1940ರ ಬೇಸಿಗೆಯವರೆಗೂ ಸರಿಯಾದ ಏರ್ಪಾಟು ಮಾಡಿಕೊಂಡಿರಲಿಲ್ಲ ಎಂಬುದು ಈ ಕಥೆಯಲ್ಲಿ ನನಗೆ ಜೀರ್ಣವಾಗದ ಭಾಗ.

ಎರಡನೆಯ ಯುದ್ಧ ಶುರುವಾದಾಗ ಹೈದರಾಬಾದಿನ ಹೆಸರು ಇನ್ನೆರಡು ಪಡೆಗಳಿಗೆ ಅಂಟಿತು: 152 ಮತ್ತು 253. ಎರಡೂ 1939ರ ಅಕ್ಟೋಬರಿನಲ್ಲಿ ಮರುಹುಟ್ಟು ಪಡೆದ ಫೈಟರ್ ಸ್ಕ್ವಾಡ್ರನ್ನುಗಳು. 1940ರಲ್ಲಿ ಬ್ರಿಟನ್ನಿನಲ್ಲಿ ಸ್ಪಿಟ್‌ಫೈರ್ ನಿಧಿಗಳ ಕಾಲ ಬಂತು. ಐದು ಸಾವಿರ ಪೌಂಡ್ ಕೊಟ್ಟರೆ ಒಂದು ವಿಮಾನ ಎಂದು ದರ ಕಟ್ಟಿದ್ದರು. ನಿಜವಾದ ಖರ್ಚು ಅದಕ್ಕಿಂತ ಹೆಚ್ಚಿತ್ತು, ಆದರೆ ಉರುಟು ಸಂಖ್ಯೆ ಚಂದಾ ಎತ್ತಲು ಒಳ್ಳೆಯದು. ಊರು, ಕಾರ್ಖಾನೆ, ಸಂಸ್ಥಾನ, ಯಾರು ಕೊಟ್ಟರೂ ಅವರ ಹೆಸರು ವಿಮಾನದ ಪಕ್ಕೆಯ ಮೇಲೆ. 1937ರಲ್ಲಿ ‘ಟೈಮ್’ ಪತ್ರಿಕೆಯ ಮುಖಪುಟದಲ್ಲಿ ಜಗತ್ತಿನ ಅತ್ಯಂತ ಸಿರಿವಂತನೆಂದು ಕಾಣಿಸಿಕೊಂಡ ನಿಜಾಮರಿಂದ ಬ್ರಿಟಿಷರು ಒಂದಲ್ಲ, ಪೂರ್ತಿ ಪಡೆಗಳನ್ನೇ ನಿರೀಕ್ಷಿಸಿದ್ದರಲ್ಲಿ ಆಶ್ಚರ್ಯವಿಲ್ಲ.

ಸಿರಿವಂತನ ಹಣ ಎಲ್ಲಿಂದ ಬರುತ್ತದೆ? 1941ರಲ್ಲಿ ಹೈದರಾಬಾದ್ ಸಂಸ್ಥಾನದ ಜನಸಂಖ್ಯೆ 1 ಕೋಟಿ 60 ಲಕ್ಷ ದಾಟಿತ್ತು. ಹದಿನಾರು ಜಿಲ್ಲೆಗಳಲ್ಲಿ ಬೀದರ್, ಗುಲ್ಬರ್ಗ, ರಾಯಚೂರು ಕನ್ನಡದ ನೆಲ. ಇಂದಿನ ಕೊಪ್ಪಳವೂ ಯಾದಗಿರಿಯೂ ಅವುಗಳೊಳಗೇ ಇದ್ದವು. ಜೋಳ, ತೊಗರಿ, ಹತ್ತಿ ಬೆಳೆಯುವ ಮಳೆಯಾಶ್ರಯದ ಹೊಲ. ಕಂದಾಯದ ಚೀಟಿ ಉರ್ದುವಿನಲ್ಲಿ, ಕಟ್ಟಬೇಕಾದದ್ದು ನಿಜಾಮರ ಟಂಕಸಾಲೆಯ ಹಾಲಿ ಸಿಕ್ಕಾ ರೂಪಾಯಿಯಲ್ಲಿ. ದಿವಾನಿ ಭೂಮಿಯ ಕಂದಾಯ ಸರ್ಕಾರದ ಖಜಾನೆಗೆ, ಸರ್ಫ್-ಎ-ಖಾಸ್ ಭೂಮಿಯದ್ದು ನೇರ ನಿಜಾಮರ ಸ್ವಂತ ಪೆಟ್ಟಿಗೆಗೆ, ಜಾಗೀರಿನದು ಜಾಗೀರುದಾರನಿಗೆ. ಕೊಡುಗೆಯ ಹಣ ಯಾವ ಪೆಟ್ಟಿಗೆಯಿಂದ ಹೊರಟರೂ ಅದರ ಬೇರು ಪಟವಾರಿಯ ಲೆಕ್ಕದ ಪುಸ್ತಕದಲ್ಲಿ ಇತ್ತು. ಡೋರ್‌ಸೆಟ್ ಕೌಂಟಿಯ ವಾರ್ಮ್‌ವೆಲ್ ಎಂಬ ಹುಲ್ಲುಗಾವಲಿನಿಂದ ಹಾರುತ್ತಿದ್ದ ಸ್ಪಿಟ್‌ಫೈರಿನ ಒಂದೆರಡು ರೆಕ್ಕೆಗಳಾದರೂ ಮಾನ್ವಿಯ ಹತ್ತಿಯದೋ ಚಿಂಚೋಳಿಯ ತೊಗರಿಯದೋ ಆಗಿರಬೇಕು. ಕೊಟ್ಟವರನ್ನು ಯಾರೂ ಕೇಳಿರಲಿಲ್ಲ, ತಿಳಿಸಿರಲೂ ಇಲ್ಲ.

152ನೇ ಸ್ಕ್ವಾಡ್ರನ್ ವಾರ್ಮ್‌ವೆಲ್‌ಗೆ ಬಂದದ್ದು 1940ರ ಜುಲೈ 12ರಂದು. ಹತ್ತಿರದಲ್ಲೇ ಪೋರ್ಟ್‌ಲ್ಯಾಂಡ್ ನೌಕಾನೆಲೆ. ಇಂಗ್ಲೆಂಡಿಗೂ ಫ್ರಾನ್ಸಿಗೂ ನಡುವಿನ ಕಡಲಗಾಲುವೆಯಲ್ಲಿ ಸಾಲಾಗಿ ಸಾಗುವ ಸರಕು ಹಡಗುಗಳನ್ನು ಜರ್ಮನರು ಹೊಡೆಯಲು ಬರುತ್ತಿದ್ದರು, ಇವರು ತಡೆಯಲು ಹೋಗುತ್ತಿದ್ದರು. ಹೀಗಾಗಿ ಲಂಡನ್ನಿನ ಸುತ್ತ ಹಾರುತ್ತಿದ್ದವರಿಗೆ ಹೋಲಿಸಿದರೆ ಇವರ ಕಾದಾಟ ಹೆಚ್ಚಾಗಿ ನೀರಿನ ಮೇಲೆ. ನೆಲದ ಮೇಲೆ ಪ್ಯಾರಾಶೂಟಿನಲ್ಲಿ ಹಾರಿದವನು ಯಾವುದೋ ರೈತನ ಹೊಲದಲ್ಲಿ ಬಿದ್ದು, ಚಹಾ ಕುಡಿದು, ಸಂಜೆಗೆ ವಾಪಸು ಬರುತ್ತಿದ್ದ. ನೀರಿನ ಮೇಲೆ ಹಾರಿದವನಿಗೆ ಅಂಥ ಸಂಜೆ ಇರಲಿಲ್ಲ.

ಜುಲೈ 20ರಂದು ಸ್ವಾನೇಜ್ ಊರಿನ ಎದುರಿನ ಕಡಲಿಗೆ ಬಿದ್ದ ದಕ್ಷಿಣ ಆಫ್ರಿಕಾದ ಫ್ರೆಡರಿಕ್ ಪೋಸನರ್ ಸಿಗಲೇ ಇಲ್ಲ. ಆಗಸ್ಟ್ 12ರಂದು ಐಲ್ ಆಫ್ ವೈಟ್ ದ್ವೀಪದ ದಕ್ಷಿಣಕ್ಕೆ ಇಬ್ಬರು: ಆಸ್ಟ್ರೇಲಿಯಾದ ಲೇಥಮ್ ವಿಥಾಲ್, ಇಂಗ್ಲೆಂಡಿನವರೇ ಆದ ಡಗ್ಲಸ್ ಶೆಪ್ಲಿ. ಆಗಸ್ಟ್ 25ರಂದು ಮತ್ತೆ ಇಬ್ಬರು, ರಿಚರ್ಡ್ ಹಾಗ್ ಮತ್ತು ಟಿಮತಿ ವೈಲ್ಡ್‌ಬ್ಲಡ್. ಸೆಪ್ಟೆಂಬರ್ 4ರಂದು ಬಿದ್ದ ಸಾರ್ಜೆಂಟ್ ಬಾರ್ಕರ್ ಅವರ ದೇಹವನ್ನು ಕಡಲೇ ಆಚೆಯ ದಡಕ್ಕೆ, ಫ್ರಾನ್ಸಿಗೆ ಒಯ್ದು ಹಾಕಿತು. ಸಿಗದೆ ಹೋದವರ ಹೆಸರುಗಳು ಈಗ ಲಂಡನ್ ಹೊರವಲಯದ ರನ್ನಿಮೀಡ್ ಸ್ಮಾರಕದಲ್ಲಿವೆ. ಸಮಾಧಿಯಿಲ್ಲದ 20 ಸಾವಿರಕ್ಕೂ ಹೆಚ್ಚು ವೈಮಾನಿಕರ ಹೆಸರುಗಳು ಅಲ್ಲಿನ ಕಲ್ಲಿನ ಮೇಲೆ.

ಇವರಲ್ಲಿ ಎಷ್ಟು ಜನ ಗುಂಡಿನಿಂದ ಸತ್ತರು, ಎಷ್ಟು ಜನ ನೀರಿನಲ್ಲಿ ಕಾದು ಸತ್ತರು ಎಂಬುದನ್ನು ಬೇರ್ಪಡಿಸಲು ಬರುವುದಿಲ್ಲ. ಆದರೆ ಕಾದವರ ಸ್ಥಿತಿ ಏನಿತ್ತು ಎಂಬುದು ಗೊತ್ತು. ಬ್ರಿಟಿಷ್ ಫೈಟರ್ ಪೈಲಟ್‌ಗೆ ಇದ್ದದ್ದು ‘ಮೇ ವೆಸ್ಟ್’ ಎಂಬ ಲೈಫ್ ಜಾಕೆಟ್ ಒಂದೇ. ಬಾಯಲ್ಲಿ ಊದಿ ಗಾಳಿ ತುಂಬಬೇಕು. ಸುಟ್ಟ ಮುಖದವನು, ಅಲೆಗಳ ನಡುವೆ ಉಸಿರಿಗೇ ಪರದಾಡುವವನು ಊದಬೇಕು. ಅದರ ಬಣ್ಣವೋ ಕಡಲಿನಲ್ಲಿ ಎದ್ದು ಕಾಣುವಂಥದ್ದಲ್ಲ. ಕೆಲವು ಪೈಲಟ್‌ಗಳು ತಾವೇ ಹಳದಿ ಬಣ್ಣ ತಂದು ಬಳಿದುಕೊಂಡರು. ಕೂರಲು ರಬ್ಬರ್ ದೋಣಿ ಇರಲಿಲ್ಲ. ಬೇಸಿಗೆಯಲ್ಲೂ ಆ ನೀರು ನಮ್ಮವರಿಗೆ ಊಹೆಗೆ ಸಿಗದಷ್ಟು ತಣ್ಣಗೆ, ಹದಿನೈದು-ಹದಿನಾರು ಡಿಗ್ರಿ. ಮೊದಲು ಬೆರಳು ಮರಗಟ್ಟುತ್ತವೆ, ಆಮೇಲೆ ಮಾತು ತೊದಲುತ್ತದೆ. ಕೆಲವು ಗಂಟೆಗಳಲ್ಲಿ ಮನುಷ್ಯ ತಾನಾಗಿಯೇ ಕೈಬಿಡುತ್ತಾನೆ.

ಆ ಕೆಲವು ಗಂಟೆಗಳೊಳಗೆ ಅವನನ್ನು ಕಾಣಬೇಕು. ಸಾವಿರ ಅಡಿ ಎತ್ತರದಿಂದ ನೋಡುವವನಿಗೆ ಅಲೆಗಳ ನಡುವಿನ ಮನುಷ್ಯನ ತಲೆ ಉತ್ತ ಹೊಲದಲ್ಲಿ ಉದುರಿದ ತೊಗರಿ ಕಾಳಿನಷ್ಟು. ಎಲ್ಲಿ ಬಿದ್ದ ಎಂಬುದು ಮೊದಲ ಪ್ರಶ್ನೆ. ಬೀಳುವ ಮುನ್ನ ರೇಡಿಯೊದಲ್ಲಿ ‘ಮೇಡೇ’ ಎಂದು ಕೂಗಿದ್ದರೆ ದಡದ ಕೇಂದ್ರಗಳು ಆ ಧ್ವನಿ ಬಂದ ದಿಕ್ಕನ್ನು ಅಳೆದು, ಎರಡು ಮೂರು ಗೆರೆಗಳು ಕೂಡುವ ಕಡೆ ಗುರುತು ಹಾಕಬಹುದು. ಕೂಗಲು ಆಗದಿದ್ದರೆ ಜೊತೆಗಾರನೊಬ್ಬ ಮೇಲೆ ಸುತ್ತುತ್ತಾ ತನ್ನ ರೇಡಿಯೊದಿಂದ ಜಾಗ ತೋರಿಸಬೇಕು. ಅವನ ಟ್ಯಾಂಕಿನಲ್ಲಿ ಉಳಿದ ಇಂಧನ ಎಷ್ಟು, ಸುತ್ತ ಶತ್ರು ಎಷ್ಟು, ಅದರ ಮೇಲೆ ಎಲ್ಲವೂ ನಿಂತಿರುತ್ತದೆ. ಗುರುತು ಸಿಕ್ಕಿತು ಅನ್ನೋಣ. ಕಡಲಗಾಲುವೆಯ ಉಬ್ಬರ-ಇಳಿತ ಸುಮಾರು ಆರು ಗಂಟೆಗೊಮ್ಮೆ ದಿಕ್ಕು ಬದಲಿಸುತ್ತದೆ. ಗಾಳಿ ಇನ್ನೊಂದು ಕಡೆ ತಳ್ಳುತ್ತದೆ. ದೋಣಿ ಅಲ್ಲಿಗೆ ಹೋಗುವಷ್ಟರಲ್ಲಿ ಅವನು ಮೈಲಿಗಟ್ಟಲೆ ದೂರ ಹೋಗಿರುತ್ತಾನೆ. ಹಾಗಾಗಿ ಹುಡುಕುವವನು ಬಿದ್ದ ಜಾಗವನ್ನಲ್ಲ, ಈಗ ಇರಬೇಕಾದ ಜಾಗವನ್ನು ಲೆಕ್ಕ ಹಾಕಿ, ಅದರ ಸುತ್ತ ಚೌಕ ಚೌಕವಾಗಿ ಅಗಲಿಸುತ್ತಾ ಹೋಗಬೇಕು. ಇದೊಂದು ವಿದ್ಯೆ. 1940ರ ಜುಲೈಯಲ್ಲಿ ಬ್ರಿಟಿಷ್ ವಾಯುಪಡೆಯಲ್ಲಿ ಈ ವಿದ್ಯೆಗೆ ಒಬ್ಬ ಯಜಮಾನ ಇರಲಿಲ್ಲ.

ದೋಣಿಗಳಿದ್ದವು, ಇಪ್ಪತ್ತಕ್ಕೂ ಕಡಿಮೆ. ಬಹಳ ಒಳ್ಳೆಯ ದೋಣಿಗಳೇ. ‘ಅರೇಬಿಯಾದ ಲಾರೆನ್ಸ್’ ಎಂದು ಹೆಸರಾದ ಟಿ.ಇ. ಲಾರೆನ್ಸ್ ಹೆಸರು ಮರೆಸಿಕೊಂಡು ವಾಯುಪಡೆಯಲ್ಲಿ ಸಾಮಾನ್ಯ ಸಿಬ್ಬಂದಿಯಾಗಿದ್ದ ಕಾಲದಲ್ಲಿ, ಹ್ಯೂಬರ್ಟ್ ಸ್ಕಾಟ್-ಪೇನ್ ಎಂಬ ದೋಣಿ ತಯಾರಕರ ಜೊತೆ ಕೂತು, ನೀರನ್ನು ಸೀಳುವ ಬದಲು ಅದರ ಮೇಲೆ ಜಾರುವ ವೇಗದ ದೋಣಿಗಳಿಗಾಗಿ ದುಡಿದಿದ್ದರು. ಆ ವಂಶದ ಲಾಂಚುಗಳೇ ಇವು. ಆದರೆ ಇಡೀ ತೀರಕ್ಕೆ ಹಂಚಿದರೆ ಒಂದೊಂದು ಬಂದರಿಗೆ ಒಂದೂ ಬರುತ್ತಿರಲಿಲ್ಲ. ಉಳಿದಂತೆ ನೌಕಾಪಡೆಯ ದೋಣಿ, ಮೀನುಗಾರರ ದೋಣಿ, ತೀರದ ಸ್ವಯಂಸೇವಕರ ಜೀವರಕ್ಷಕ ದೋಣಿ, ಯಾರಿಗೆ ಕಂಡರೆ ಅವರು. ಎಲ್ಲರನ್ನೂ ಕೂಡಿಸುವ ಒಂದು ವ್ಯವಸ್ಥೆ ಇರಲಿಲ್ಲ.

ಎದುರು ದಡದಲ್ಲಿ ಹೀಗಿರಲಿಲ್ಲ. ಜರ್ಮನರು 1935ರಲ್ಲೇ ಕೀಲ್ ಬಂದರಿನಲ್ಲಿ ಕಡಲ ರಕ್ಷಣೆಗೆ ‘ಜೇನೋಟ್‌ಡೀನ್ಸ್ಟ್’ ಎಂಬ ಪ್ರತ್ಯೇಕ ಸೇವೆ ಕಟ್ಟಿದ್ದರು. ನೀರಿನ ಮೇಲೆ ಇಳಿಯಬಲ್ಲ ಹೈಂಕೆಲ್-59 ವಿಮಾನಗಳಿಗೆ ಬಿಳಿ ಬಣ್ಣ ಬಳಿದು, ರೆಡ್ ಕ್ರಾಸ್ ಗುರುತು ಬರೆದು ಕಳಿಸುತ್ತಿದ್ದರು. ಅವರ ಪೈಲಟ್‌ಗಳ ಬಳಿ ಒಬ್ಬರು ಕೂರುವ ರಬ್ಬರ್ ದೋಣಿ, ಸುತ್ತಲಿನ ನೀರನ್ನು ಹೊಳೆಯುವ ಹಸಿರು ಮಾಡುವ ಪುಡಿ, ತಲೆಗೆ ಹಳದಿ ಟೋಪಿ. ಅಕ್ಟೋಬರಿನ ಹೊತ್ತಿಗೆ ಕಡಲಗಾಲುವೆಯ ನಡುವೆ ಲಂಗರು ಹಾಕಿದ ತೇಲುವ ಕೋಣೆಗಳನ್ನೂ ಬಿಟ್ಟರು. ಒಳಗೆ ಮಲಗಲು ಹಾಸಿಗೆ, ಕಂಬಳಿ, ತಿನ್ನಲು ಆಹಾರ. ಈ ಕೋಣೆಗೆ ಯಾವ ದೇಶದವನು ಹತ್ತಿದರೂ ಜೀವ ಉಳಿಯುತ್ತಿತ್ತು. ಮೊದಲು ಯಾರ ದೋಣಿ ಬರುತ್ತದೆಂಬುದರ ಮೇಲೆ ಅವನು ಕೈದಿಯೋ ಸ್ವತಂತ್ರನೋ ಎಂಬುದು ತೀರ್ಮಾನವಾಗುತ್ತಿತ್ತು.

ಬಿಳಿ ವಿಮಾನಗಳನ್ನು ಏನು ಮಾಡಬೇಕೆಂಬುದು ಬ್ರಿಟಿಷರಿಗೆ ಕಷ್ಟದ ಪ್ರಶ್ನೆಯಾಯಿತು. ಅವು ಗಾಯಾಳುಗಳನ್ನು ಎತ್ತುತ್ತಿದ್ದದ್ದು ನಿಜ. ತಮ್ಮ ಹಡಗುಸಾಲುಗಳ ಚಲನೆಯನ್ನು ಅವು ವರದಿ ಮಾಡುತ್ತವೆ ಎಂಬ ಅನುಮಾನವೂ ಇತ್ತು. ಎತ್ತಿದ ಪೈಲಟ್ ಮರುದಿನವೇ ಮತ್ತೆ ಬಾಂಬು ಹಿಡಿದು ಬರುತ್ತಾನೆ ಎಂಬ ಲೆಕ್ಕವೂ ಇತ್ತು. ಜುಲೈ 14ರಂದು ಬ್ರಿಟಿಷ್ ಸರ್ಕಾರ ಪ್ರಕಟಣೆ ಹೊರಡಿಸಿತು: ಯುದ್ಧ ನಡೆಯುವ ಪ್ರದೇಶದಲ್ಲಿ ಹಾರುವ ಇಂಥ ವಿಮಾನಗಳಿಗೆ ರಕ್ಷಣೆ ಇಲ್ಲ. ಹಲವನ್ನು ಹೊಡೆದುರುಳಿಸಿದರು. ಜರ್ಮನರು ಬಿಳಿ ಬಣ್ಣ ಅಳಿಸಿ ಯುದ್ಧದ ಬಣ್ಣ ಬಳಿದು, ಬಂದೂಕು ಇಟ್ಟುಕೊಂಡು ಹಾರಿದರು. ಎರಡೂ ಕಡೆಯ ವಾದ ಓದಿದ ಮೇಲೂ ನನಗೆ ಬ್ರಿಟಿಷರ ನಿರ್ಧಾರ ಸರಿಯೆನಿಸುವುದಿಲ್ಲ. ಅದಕ್ಕಿಂತ ವಿಚಿತ್ರವೆಂದರೆ, ಶತ್ರುವಿನ ರಕ್ಷಣಾ ವಿಮಾನವನ್ನು ಕಂಡು ಅದನ್ನು ಹೊಡೆಯುವ ಯೋಚನೆ ಬಂದಷ್ಟು ಬೇಗ ಅಂಥದ್ದೊಂದನ್ನು ತಾವೂ ಕಟ್ಟಬೇಕೆಂಬ ಯೋಚನೆ ಬರಲಿಲ್ಲ.

ಆ ಯೋಚನೆಯನ್ನು ತಂದದ್ದು ಸಾವಿನ ಲೆಕ್ಕ. ಜುಲೈ ತಿಂಗಳ ಕೊನೆಯ ಮೂರು ವಾರಗಳಲ್ಲಿ ಸತ್ತ ಅಥವಾ ಕಾಣೆಯಾದ ಬ್ರಿಟಿಷ್ ವೈಮಾನಿಕರು 200ಕ್ಕೂ ಹೆಚ್ಚು, ಬಹುಪಾಲು ಕಡಲಿನ ಮೇಲೆ. ಕಾರ್ಖಾನೆಗಳು ವಿಮಾನಗಳನ್ನು ದಿನಕ್ಕೊಂದಿಷ್ಟು ಮಾಡಿ ಕೊಡುತ್ತಿದ್ದವು, ದೇಶವಿದೇಶದಿಂದ ಅವುಗಳಿಗೆ ಹಣ ಬರುತ್ತಿತ್ತು. ಪೈಲಟ್ ತಯಾರಾಗಲು ಮಾತ್ರ ತಿಂಗಳುಗಳು ಬೇಕು. ಆಗ್ನೇಯ ಇಂಗ್ಲೆಂಡಿನ ವಾಯುರಕ್ಷಣೆಯ ಹೊಣೆ ಹೊತ್ತಿದ್ದ ಕೀತ್ ಪಾರ್ಕ್ ಮೇಲಿನವರ ಏರ್ಪಾಟಿಗೆ ಕಾಯದೆ ಭೂಸೇನೆಯ ಜೊತೆ ಕೆಲಸ ಮಾಡುವ ಹನ್ನೆರಡು ಲೈಸ್ಯಾಂಡರ್ ವಿಮಾನಗಳನ್ನು ಕೇಳಿ ಪಡೆದರು. ನಿಧಾನವಾಗಿ, ತಗ್ಗಿನಲ್ಲಿ ಹಾರಬಲ್ಲ, ಕೆಳಗೆ ಚೆನ್ನಾಗಿ ನೋಡಬಲ್ಲ ವಿಮಾನ ಅದು. ಯುದ್ಧಕ್ಕೆ ಹಳೆಯದಾಗಿದ್ದದ್ದು ಹುಡುಕಲು ಹೇಳಿಮಾಡಿಸಿದಂತಿತ್ತು. ಆಗಸ್ಟ್ 22ರ ಸಭೆಯಲ್ಲಿ ಲೈಸ್ಯಾಂಡರುಗಳನ್ನೂ ದೋಣಿಗಳನ್ನೂ ಒಂದು ವ್ಯವಸ್ಥೆಗೆ ತರುವ ತೀರ್ಮಾನವಾಯಿತು. ಹೈದರಾಬಾದ್ ಸ್ಕ್ವಾಡ್ರನ್ನಿನ ಹಾಗ್ ಮತ್ತು ವೈಲ್ಡ್‌ಬ್ಲಡ್ ಕಾಣೆಯಾದದ್ದು ಅದಾದ ಮೂರು ದಿನಕ್ಕೆ. ಕಾಗದದ ಮೇಲಿನ ವ್ಯವಸ್ಥೆ ಕಡಲಿಗೆ ಇಳಿಯಲು ಸಮಯ ಬೇಕಿತ್ತು.

ಸೆಪ್ಟೆಂಬರ್ 26ರಂದು ಡೀನ್ಸ್‌ಲಿ ಮತ್ತೆ ಬಿದ್ದರು. ಈ ಸಲ ಐಲ್ ಆಫ್ ವೈಟ್ ದ್ವೀಪದ ತುದಿಯ ನೀಡಲ್ಸ್ ಬಂಡೆಗಳಿಂದ ಹನ್ನೆರಡು ಮೈಲಿ ದಕ್ಷಿಣಕ್ಕೆ, ಪ್ಯಾರಾಶೂಟಿನಲ್ಲಿ. ನೌಕಾಪಡೆಯ ದೋಣಿಯೊಂದು ಅವರನ್ನು ಎತ್ತಿ ಸ್ವಾನೇಜ್‌ಗೆ ತಂದಿತು. ಎರಡು ತಿಂಗಳಲ್ಲಿ ಎರಡು ಸಲ ಅದೇ ಕಡಲಿಗೆ ಬಿದ್ದು, ಎರಡು ಸಲವೂ ಗಾಯಗೊಂಡು ಬದುಕಿ, ಆಮೇಲೆ ರಾತ್ರಿ ಹಾರುವ ಪಡೆಯನ್ನು ಮುನ್ನಡೆಸಿ ಪದಕ ಪಡೆದ ಮನುಷ್ಯ. ಅದೇ ಪಡೆಯ ಪೋಸನರ್‌ಗೂ ಇವರಿಗೂ ನಡುವೆ ಕೌಶಲದ ವ್ಯತ್ಯಾಸವಿತ್ತು ಎಂದು ನನಗನಿಸುವುದಿಲ್ಲ.

1941ರ ಫೆಬ್ರುವರಿಯಲ್ಲಿ ಕಡಲ ರಕ್ಷಣೆಗೇ ಒಂದು ನಿರ್ದೇಶನಾಲಯ ಬಂತು. ಗ್ರೂಪ್ ಕ್ಯಾಪ್ಟನ್ ಕ್ರೋಕ್ ಅದರ ಮೊದಲ ಮುಖ್ಯಸ್ಥರು. ‘ಕಡಲಿಗೆ ಅವರನ್ನು ಬಿಡೆವು’ ಎಂಬರ್ಥದ ಧ್ಯೇಯವಾಕ್ಯ ಇಟ್ಟುಕೊಂಡರು. ಆಮೇಲಿನದು ವೇಗವಾಗಿ ನಡೆಯಿತು. ಫೈಟರ್ ಪೈಲಟ್‌ಗಳಿಗೆ ಒಬ್ಬರ ರಬ್ಬರ್ ದೋಣಿ ಬಂತು, ಕೂರುವ ಪ್ಯಾರಾಶೂಟಿನ ಜೊತೆಗೇ ಕಟ್ಟಿಕೊಳ್ಳುವಂಥದ್ದು. ನೀರಿಗೆ ಬಣ್ಣ ಬಿಡುವ ಪುಡಿ ಬಂತು. ಜರ್ಮನರಿಂದ ಕಲಿತದ್ದು ಎನ್ನಲು ನಾಚಿಕೆಪಡಲಿಲ್ಲ. ಆ ವರ್ಷದ ಕೊನೆಗೆ ನೀರಿನ ಮೇಲೆ ಇಳಿದೇಳುವ ವಾಲ್ರಸ್ ವಿಮಾನಗಳ ಪ್ರತ್ಯೇಕ ಪಡೆಗಳು ಬಂದವು. 1943ರಲ್ಲಿ ಉಫಾ ಫಾಕ್ಸ್ ಎಂಬ ದೋಣಿ ತಯಾರಕರು ವಿಮಾನದ ಹೊಟ್ಟೆಯ ಕೆಳಗೆ ಕಟ್ಟಿ ಪ್ಯಾರಾಶೂಟಿನಲ್ಲಿ ಇಳಿಸುವ ಮರದ ದೋಣಿಯನ್ನೇ ಮಾಡಿಕೊಟ್ಟರು, ಎಂಜಿನ್, ಹಾಯಿ, ಊಟ ಸಮೇತ. ಯುದ್ಧ ಮುಗಿಯುವಾಗ ಹೀಗೆ ಉಳಿದವರ ಸಂಖ್ಯೆ ಹತ್ತು ಸಾವಿರ ಮೀರಿತ್ತು.

ಇದರ ಮಧ್ಯೆ ಡಗ್ಲಸ್ ಶೆಪ್ಲಿಯವರ ಮನೆಯ ಕಥೆ ಒಂದಿದೆ. ಮಗ ಕಾಣೆಯಾದ ಮೇಲೆ ತಾಯಿ ಮತ್ತು ಸೊಸೆ ಸೇರಿ ಊರೂರಲ್ಲಿ ಚಂದಾ ಎತ್ತಿ ಒಂದು ಸ್ಪಿಟ್‌ಫೈರ್ ಕೊಡಿಸಿದರು. ಅದರ ಮೇಲೆ ‘ಶೆಪ್ಲಿ’ ಎಂದು ಬರೆಸಿದರು. 1942ರ ಮಾರ್ಚ್ 28ರಂದು ವಿಕ್ಟರ್ ಬೀಮಿಶ್ ಎಂಬ ಹೆಸರಾಂತ ಗ್ರೂಪ್ ಕ್ಯಾಪ್ಟನ್ ಆ ವಿಮಾನದಲ್ಲಿ ಹೋದವರು ಅದೇ ಕಡಲಗಾಲುವೆಯಲ್ಲಿ ಕಾಣೆಯಾದರು. ಆ ಹೊತ್ತಿಗೆ ನಿರ್ದೇಶನಾಲಯ, ಲಾಂಚು, ವಾಲ್ರಸ್ ಎಲ್ಲ ಇದ್ದವು.

1943ರ ಕೊನೆಗೆ 152ನೇ ಸ್ಕ್ವಾಡ್ರನ್ ಉತ್ತರ ಆಫ್ರಿಕಾ, ಮಾಲ್ಟಾ, ಸಿಸಿಲಿ, ಇಟಲಿ ಸುತ್ತಿ ಭಾರತಕ್ಕೇ ಬಂತು. ಹೈದರಾಬಾದಿಗಲ್ಲ, ಕಲ್ಕತ್ತೆಯ ಹತ್ತಿರದ ಬೈಗಾಚಿಗೆ, ಅಲ್ಲಿಂದ ಚಿತ್ತಗಾಂಗ್, ಇಂಫಾಲ್, ತಾಮು. ಸ್ಪಿಟ್‌ಫೈರುಗಳ ಪಕ್ಕೆಯ ಮೇಲೆ ಜಿಗಿಯುವ ಕರಿ ಚಿರತೆ ಬರೆದುಕೊಂಡಿದ್ದರು. 1918ರ ಹಳೆಯ 110 (ಹೈದರಾಬಾದ್) ಸ್ಕ್ವಾಡ್ರನ್ ಆಗಲೇ ವೆಂಜೆನ್ಸ್ ಬಾಂಬರುಗಳೊಂದಿಗೆ ಬರ್ಮಾದ ರಂಗದಲ್ಲಿತ್ತು. ಹೀಗೆ ನಿಜಾಮರ ಹೆಸರಿನ ಎರಡು ಪಡೆಗಳು ಜಪಾನೀಯರ ವಿರುದ್ಧ ಒಂದೇ ಕಾಡಿನ ಮೇಲೆ ಹಾರಿದವು. ಹೈದರಾಬಾದಿನ ಬೇಗಂಪೇಟೆಯಲ್ಲಿ ಅದೇ ಕಾಲಕ್ಕೆ ಭಾರತೀಯ ವಾಯುಪಡೆಗೆ ಸೇರಿದ ಹುಡುಗರು ಟೈಗರ್ ಮಾತ್ ವಿಮಾನಗಳಲ್ಲಿ ಹಾರುವುದರ ಮೊದಲ ಪಾಠ ಕಲಿಯುತ್ತಿದ್ದರು. ಮೊದಲ ಪಾಠದ ಇನ್ನೊಂದು ಶಾಲೆ ಜೋಧಪುರದಲ್ಲಿತ್ತು. ಅಲ್ಲಿಂದ ಅಂಬಾಲೆಗೆ, ಆಮೇಲೆ ಇದೇ ಬರ್ಮಾಕ್ಕೆ.

ಕಡಲಿಗಿಂತ ಕಾಡು ಕೆಟ್ಟದ್ದು. ಕಡಲಿನ ಮೇಲೆ ತಲೆಯಾದರೂ ಕಂಡೀತು; ನೂರಡಿ ಎತ್ತರದ ಮರಗಳ ಕೆಳಗೆ ಬಿದ್ದ ವಿಮಾನವೂ ಕಾಣುವುದಿಲ್ಲ. ಪೈಲಟ್‌ಗಳು ಕಿಸೆಯಲ್ಲಿ ರೇಷ್ಮೆ ಬಟ್ಟೆಯ ಮೇಲೆ ಅಚ್ಚಾದ ನಕಾಶೆ, ಇವನನ್ನು ಸುರಕ್ಷಿತವಾಗಿ ತಲುಪಿಸಿದವರಿಗೆ ಬಹುಮಾನವಿದೆ ಎಂದು ಹಲವು ಲಿಪಿಗಳಲ್ಲಿ ಬರೆದ ಬಟ್ಟೆಯ ಚೀಟಿ ಇಟ್ಟುಕೊಂಡಿರುತ್ತಿದ್ದರು. ಆ ಬೆಟ್ಟಗಳಲ್ಲಿ ಓದುಬರಹ ಬಲ್ಲವರು ಎಷ್ಟಿದ್ದರೋ. ಉಳಿದು ಬಂದವರಲ್ಲಿ ಬಹಳ ಮಂದಿಯನ್ನು ಉಳಿಸಿದ್ದು ಚೀಟಿಯಲ್ಲ, ನಾಗಾ ಮತ್ತು ಕಾಚಿನ್ ಹಳ್ಳಿಗರ ಮನಸ್ಸು.

ಅಲ್ಲಿ ಹುಡುಕುವ ವಿದ್ಯೆ ಬೇರೆ ದಾರಿ ಹಿಡಿಯಿತು. 1943ರ ಆಗಸ್ಟ್ 2ರಂದು ಅಸ್ಸಾಮಿನಿಂದ ಚೀನಾಕ್ಕೆ ಹೊರಟ ಅಮೆರಿಕದ ಸಿ-46 ಸಾಗಣೆ ವಿಮಾನ ನಾಗಾ ಬೆಟ್ಟಗಳ ಮೇಲೆ ಕೆಟ್ಟಿತು. 21 ಜನರಲ್ಲಿ 20 ಮಂದಿ ಪ್ಯಾರಾಶೂಟಿನಿಂದ ಹಾರಿ ಉಳಿದರು. ಪತ್ರಕರ್ತ ಎರಿಕ್ ಸೆವರೈಡ್ ಅವರಲ್ಲೊಬ್ಬರು. ಹುಡುಕುವ ವಿಮಾನ ಜಾಗ ಕಂಡಿತು, ಗಾಯಾಳುಗಳಿದ್ದಾರೆಂದು ತಿಳಿಯಿತು, ಇಳಿಯಲು ಜಾಗವಿಲ್ಲ. ವಾಯುಸೇನೆಯ ವೈದ್ಯ ಲೆಫ್ಟಿನೆಂಟ್ ಕರ್ನಲ್ ಡಾನ್ ಫ್ಲಿಕಿಂಜರ್ ಮತ್ತು ಇಬ್ಬರು ಸಹಾಯಕರು ತಾವೇ ಪ್ಯಾರಾಶೂಟು ಕಟ್ಟಿಕೊಂಡು ಕೆಳಗೆ ಹಾರಿದರು. ತಲೆಬೇಟೆಯ ಪ್ರದೇಶ ಅದು. ಮೊಕೊಕ್‌ಚುಂಗಿನ ಬ್ರಿಟಿಷ್ ಅಧಿಕಾರಿ ಫಿಲಿಪ್ ಆಡಮ್ಸ್ ನಾಗಾ ಕಾವಲುಗಾರರೊಂದಿಗೆ ಬೆಟ್ಟ ಹತ್ತಿ ಬಂದು ಎಲ್ಲರನ್ನೂ ನಡೆಸಿಕೊಂಡು ಹೋದರು. ರಕ್ಷಿಸುವವನೇ ಬಿದ್ದವನ ಪಕ್ಕಕ್ಕೆ ಹಾರುವುದು ಅಲ್ಲಿಂದ ಒಂದು ಪದ್ಧತಿಯಾಗಿ ಬೆಳೆಯಿತು.

ಮರುವರ್ಷ ಏಪ್ರಿಲಿನಲ್ಲಿ ಅದೇ ರಂಗದಲ್ಲಿ ಇನ್ನೊಂದು ಘಟನೆ. ಮೂವರು ಗಾಯಾಳು ಬ್ರಿಟಿಷ್ ಸೈನಿಕರನ್ನು ಒಯ್ಯುತ್ತಿದ್ದ ಅಮೆರಿಕದ ಪುಟ್ಟ ವಿಮಾನ ಜಪಾನೀಯರ ಸಾಲಿನ ಹಿಂದೆ ಬಿತ್ತು. ಲೆಫ್ಟಿನೆಂಟ್ ಕಾರ್ಟರ್ ಹಾರ್ಮನ್ ಅಸ್ಸಾಮಿನ ಲಾಲಾಘಾಟಿನಿಂದ ಒಂದು ಸಿಕೋರ್ಸ್ಕಿ ಹೆಲಿಕಾಪ್ಟರನ್ನು ತಂದರು. ಆಗಿನ ಹೆಲಿಕಾಪ್ಟರಿಗೆ ಪೈಲಟ್ ಬಿಟ್ಟರೆ ಒಬ್ಬನನ್ನು ಎತ್ತುವಷ್ಟೇ ತ್ರಾಣ. ಬಿಸಿಗಾಳಿ ತೆಳುವಾಗಿರುವುದರಿಂದ ಅದೂ ಕಷ್ಟ, ಎಂಜಿನ್ ಕಾದು ನಿಲ್ಲುತ್ತಿತ್ತು. ಏಪ್ರಿಲ್ 25 ಮತ್ತು 26ರಂದು ಒಬ್ಬೊಬ್ಬರನ್ನೇ ಎತ್ತಿ ನಾಲ್ವರನ್ನೂ ಹೊರತಂದರು. ಯುದ್ಧರಂಗದಲ್ಲಿ ಹೆಲಿಕಾಪ್ಟರಿನಿಂದ ನಡೆದ ಮೊದಲ ರಕ್ಷಣೆ ಇದೇ ಎಂದು ಹಲವು ಇತಿಹಾಸಗಳು ದಾಖಲಿಸುತ್ತವೆ.

ಈ ಎಲ್ಲದಕ್ಕೆ ಬೆಂಗಳೂರಿನ ಕೈಯೂ ಸೇರಿತ್ತು. 1940ರ ಡಿಸೆಂಬರಿನಲ್ಲಿ ಮೈಸೂರು ಸರ್ಕಾರ ಮತ್ತು ವಾಲ್ಚಂದ್ ಹೀರಾಚಂದ್ ಸೇರಿ ಕಟ್ಟಿದ ಹಿಂದುಸ್ತಾನ್ ಏರ್‌ಕ್ರಾಫ್ಟ್ ಕಾರ್ಖಾನೆಯನ್ನು 1943ರಿಂದ ಅಮೆರಿಕದ ವಾಯುಸೇನೆ ತನ್ನ ದುರಸ್ತಿ ಡಿಪೋ ಮಾಡಿಕೊಂಡಿತು. ಅಸ್ಸಾಮಿನಿಂದ ಚೀನಾಕ್ಕೆ ಬೆಟ್ಟ ದಾಟುವ ಸಾಗಣೆ ವಿಮಾನಗಳು ಮಾತ್ರವಲ್ಲ, ಕಡಲಿಗೆ ಬಿದ್ದವರನ್ನು ಎತ್ತಲು ಹೆಸರಾದ ಕ್ಯಾಟಲೀನಾ ಹಾರುವ ದೋಣಿಗಳೂ ಅಲ್ಲಿಗೆ ಬಂದವು. ಅವು ಇಳಿಯುತ್ತಿದ್ದದ್ದು ಬೆಳ್ಳಂದೂರು ಕೆರೆಯಲ್ಲಿ. ಈಗಿನ ಬೆಂಗಳೂರಿಗರಿಗೆ ನೊರೆಗೆ ಹೆಸರಾದ ಕೆರೆ ಅದೇ.

1948ರಲ್ಲಿ ನಿಷ್ಠಾವಂತ ಮಿತ್ರನ ಸರದಿ ಬಂತು. ಹೊಸ ಭಾರತಕ್ಕೆ ಸೇರಲೊಪ್ಪದ ನಿಜಾಮರು ಬ್ರಿಟನ್ನಿನ ಕಡೆ ನೋಡಿದರು, ವಿಶ್ವಸಂಸ್ಥೆಗೆ ದೂರು ಕೊಟ್ಟರು. ಸೆಪ್ಟೆಂಬರ್ 13ರಂದು ಭಾರತೀಯ ಸೇನೆ ಸೊಲ್ಲಾಪುರದ ಕಡೆಯಿಂದಲೂ ಉಳಿದ ದಿಕ್ಕುಗಳಿಂದಲೂ ಒಳನುಗ್ಗಿತು. ಬ್ರಿಟನ್ನಿಗೆ ಮೂರು ಸ್ಕ್ವಾಡ್ರನ್ನುಗಳ ಹೆಸರು ಕೊಟ್ಟ ಸಂಸ್ಥಾನಕ್ಕೆ ಸ್ವಂತ ವಾಯುಪಡೆ ಎಂಬುದೇ ಇರಲಿಲ್ಲ. ಭಾರತೀಯ ವಾಯುಪಡೆಯ ಟೆಂಪೆಸ್ಟ್ ವಿಮಾನಗಳು ಬೀದರಿನ ಮತ್ತು ವಾರಂಗಲ್ಲಿನ ವಿಮಾನನೆಲೆಗಳ ಮೇಲೆ ಬಾಂಬು ಹಾಕಿದವು. ಆ ನೆಲೆಗಳಿಗೇ ಅದಕ್ಕೆ ಮುಂಚೆ ಸಿಡ್ನಿ ಕಾಟನ್ ಎಂಬ ಆಸ್ಟ್ರೇಲಿಯಾದವರು ಕರಾಚಿಯಿಂದ ಲ್ಯಾಂಕಾಸ್ಟ್ರಿಯನ್ ವಿಮಾನಗಳಲ್ಲಿ ರಾತ್ರೋರಾತ್ರಿ ಶಸ್ತ್ರಾಸ್ತ್ರ ತಂದು ಇಳಿಸುತ್ತಿದ್ದರು. ಮೊದಲ ಯುದ್ಧದ ಕಾಲದಲ್ಲಿ ಚಳಿಗೆ ಮರಗಟ್ಟುವ ಪೈಲಟ್‌ಗಳಿಗಾಗಿ ‘ಸಿಡ್‌ಕಾಟ್’ ಎಂಬ ಹಾರಾಟದ ಉಡುಪು ಕಂಡುಹಿಡಿದವರು ಇವರೇ. ನಿಜಾಮರ ಮೊದಲ ಬಾಂಬರುಗಳಲ್ಲಿ ಕೂತವರ ಪೀಳಿಗೆಯೂ ಅದನ್ನು ತೊಟ್ಟಿತ್ತು. ಸೆಪ್ಟೆಂಬರ್ 17ರ ಸಂಜೆಗೆ ಎಲ್ಲ ಮುಗಿಯಿತು. ನಿಜಾಮರ ಪರ ನಿಂತಿದ್ದ ರಜಾಕಾರರ ಪಡೆಯ ಕಾಟಕ್ಕೆ ಊರು ಬಿಟ್ಟು ಗಡಿಯಾಚೆಯ ಶಿಬಿರಗಳಲ್ಲಿದ್ದ ಕನ್ನಡದ ಹಳ್ಳಿಗರು ಮನೆಗೆ ಮರಳತೊಡಗಿದರು. ಅದಾದ ಮೇಲೆ ನಡೆದ ಹಿಂಸೆಯಲ್ಲಿ ಮುಸ್ಲಿಮರು ಪಟ್ಟ ಪಾಡನ್ನು ಭಾರತ ಸರ್ಕಾರ ಕಳಿಸಿದ ಸುಂದರಲಾಲ್ ಸಮಿತಿ ಬರೆದಿಟ್ಟಿತು. ಆ ವರದಿ ದಶಕಗಳ ಕಾಲ ಕಪಾಟಿನಲ್ಲಿ ಉಳಿಯಿತು.

ಬೀದರಿನ ನೆಲೆ ಇಂದು ವಾಯುಪಡೆಯ ತರಬೇತಿ ಕೇಂದ್ರ. ಹೈದರಾಬಾದಿನ ಹೊರಗಿನ ದುಂಡಿಗಲ್ಲಿನಲ್ಲಿ ವಾಯುಪಡೆಯ ಅಕಾಡೆಮಿ ಇದೆ. ಹಕೀಂಪೇಟೆಯಲ್ಲಿ 1970ರ ದಶಕದಿಂದ ಹೆಲಿಕಾಪ್ಟರ್ ಶಾಲೆ ನಡೆಯುತ್ತಿದೆ. ಸಿಯಾಚಿನ್‌ನಿಂದ ಗಾಯಾಳುಗಳನ್ನು ಇಳಿಸುವ, ಪ್ರವಾಹದಲ್ಲಿ ಮಾಳಿಗೆ ಮೇಲಿಂದ ಜನರನ್ನು ಎತ್ತುವ ಕೆಲಸಕ್ಕೆ ಬೇಕಾದ ಹಾರಾಟದ ಮೊದಲ ಪಾಠ ಅಲ್ಲಿ. ಆದರೆ ಶತ್ರುವಿನ ನೆಲದ ಅಂಚಿನಲ್ಲಿ ಬಿದ್ದವನನ್ನು ಹುಡುಕುವುದು ಎಷ್ಟು ಕಷ್ಟವೆಂಬುದಕ್ಕೆ ಕಾರ್ಗಿಲ್ ಸಾಕ್ಷಿ. 1999ರ ಮೇ 27ರಂದು ಫ್ಲೈಟ್ ಲೆಫ್ಟಿನೆಂಟ್ ನಚಿಕೇತ ಅವರ ಮಿಗ್-27ರ ಎಂಜಿನ್ ನಿಂತು ಅವರು ಹೊರಹಾರಿದರು. ಸ್ಕ್ವಾಡ್ರನ್ ಲೀಡರ್ ಅಜಯ್ ಅಹುಜಾ ತಮ್ಮ ಮಿಗ್-21ರಲ್ಲಿ ಅಲ್ಲೇ ಉಳಿದು ಜಾಗ ಗುರುತಿಸಲು ಹೋದರು. 1940ರಲ್ಲಿ ಕಡಲಗಾಲುವೆಯ ಮೇಲೆ ಜೊತೆಗಾರ ಸುತ್ತುತ್ತಿದ್ದನಲ್ಲ, ಅದೇ ಕೆಲಸ. ನೆಲದಿಂದ ಬಂದ ಕ್ಷಿಪಣಿ ಅವರ ವಿಮಾನಕ್ಕೆ ಬಡಿಯಿತು. ಮರುದಿನ ವಾಯುಪಡೆಯ ಒಂದು ಎಂಐ-17 ಹೆಲಿಕಾಪ್ಟರೂ ನಾಲ್ವರೊಂದಿಗೆ ಬಿತ್ತು. ನಚಿಕೇತರನ್ನು ಪಾಕಿಸ್ತಾನ ಜೂನ್ 3ರಂದು ಬಿಟ್ಟುಕೊಟ್ಟಿತು. ಅಹುಜಾ ಅವರಿಗೆ ಮರಣೋತ್ತರ ವೀರಚಕ್ರ ಬಂತು.